ಅಪರೂಪಕ್ಕೆ ಟ್ರೆಕ್ಕಿಂಗ್ ಹೋಗೋರಿಗೆ ತ್ರೀ ಲೇಯರ್ ಮಳೆ ಜಾಕೆಟ್ ಬೇಕಾ?
ಟ್ರೆಕ್ಕಿಂಗಿಗೆ ಯಾವ ಮಳೆ ಜಾಕೆಟ್ ತಗೋಬೇಕು ಅನ್ನೋ ಲೇಖನ ಚೆನ್ನಾಗಿದೆ, ಆದ್ರೆ ಎಲ್ಲರೂ 20,000 ಮಿ.ಮೀ. ರೇಟಿಂಗಿನ (ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತೆ ಅನ್ನೋ ಲೆಕ್ಕ) ತ್ರೀ ಲೇಯರ್ (ಹೊರ ಬಟ್ಟೆ, ನೀರು ತಡೆಯೋ ಪದರ, ಒಳ ಬಟ್ಟೆ ಮೂರೂ ಅಂಟಿಸಿದ) ಜಾಕೆಟ್ಟೇ ತಗೊಳ್ಳಿ ಅಂದಿದ್ದು ಸ್ವಲ್ಪ ಅತಿ ಆಯ್ತು. ಯಾವಾಗ್ಲೋ ಒಂದ್ಸಲ ಟ್ರೆಕ್ಕಿಂಗ್ ಹೋಗೋರ ಜಾಕೆಟ್ ಮುಕ್ಕಾಲು ಹೊತ್ತು ಬ್ಯಾಗಲ್ಲೇ ಬಿದ್ದಿರುತ್ತೆ, ಅಂಥವರಿಗೆ 10,000 ಮಿ.ಮೀ. ಇರೋ ಎರಡೂವರೆ ಲೇಯರಿಂದು (ಒಳ ಬಟ್ಟೆ ಬದಲು ಬರೀ ತೆಳು ಲೇಪ ಇರೋದು) ಧಾರಾಳ ಸಾಕು, 200-300 ಗ್ರಾಂ ತೂಕದಲ್ಲಿ ಸಿಗುತ್ತೆ, ಮಡಚಿ ಅದರ ಜೇಬಿಗೇ ತುರುಕಬಹುದು.

ನಂಬರ್ ಓದೋಕ್ಕಿಂತ ಜಾಕೆಟ್ ಒಳಗಡೆ ತಿರುಗಿಸಿ ಹೊಲಿಗೆ ನೋಡಿ ಸ್ವಾಮಿ. ಪ್ರತಿ ಹೊಲಿಗೆ ಮೇಲೂ ಟೇಪ್ ಅಂಟಿಸಿರಬೇಕು, ಬರೀ ಭುಜಕ್ಕೆ, ಹುಡ್‌ಗೆ ಅಂಟಿಸಿ ಮಿಕ್ಕಿದ್ದು ಹಾಗೇ ಬಿಟ್ಟಿದ್ರೆ ಬಟ್ಟೆ ಎಷ್ಟೇ ಗಟ್ಟಿ ಇದ್ರೂ ಸೂಜಿ ತೂತಲ್ಲಿ ನೀರು ಇಳಿಯುತ್ತೆ. ಆಮೇಲೆ ಹುಡ್ ಹಾಕ್ಕೊಂಡು ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ, ಅದು ತಲೆ ಜೊತೆ ತಿರುಗದೆ ಅಲ್ಲೇ ನಿಂತ್ರೆ ಒಂದು ಕಣ್ಣು ಮುಚ್ಚಿಹೋಗುತ್ತೆ, ಜಾರೋ ದಾರೀಲಿ ಅದೇ ದೊಡ್ಡ ತಲೆನೋವು.

ಬ್ರೀದಬಲ್ ಅನ್ನೋದನ್ನ ಜಾಸ್ತಿ ನಂಬಬೇಡಿ, ಏರು ಹತ್ತುವಾಗ ಬರೋ ಬೆವರನ್ನೆಲ್ಲ ಹೊರಗೆ ಹಾಕೋ ಬಟ್ಟೆ ಇನ್ನೂ ಬಂದಿಲ್ಲ, ಕಂಕುಳ ಹತ್ರ ಜಿಪ್ ಇದ್ರೆ ಅದೇ ಉಪಯೋಗ.

ಲೇಖನದಲ್ಲಿ ಬಿಟ್ಟುಹೋಗಿದ್ದು ಅಂದ್ರೆ ಇಡೋ ರೀತಿ. ಒದ್ದೆ ಜಾಕೆಟ್ ಹಾಗೇ ಸುತ್ತಿಟ್ರೆ ಒಳಗೆ ನೀರು ತಡೆಯೋ ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್) ಕೋಟಿಂಗ್ ಅಂಟಂಟಾಗಿ ಸಿಪ್ಪೆ ಥರ ಏಳುತ್ತೆ. ಹೊರಗಡೆ ನೀರು ಹನಿಯಾಗಿ ಜಾರದೆ ಬಟ್ಟೆನೇ ನೆನೀತಿದ್ರೆ ಎಸೀಬೇಡಿ, ಒಗೆದು ಲೇಬಲ್ ನೋಡಿ ಸಣ್ಣ ಬಿಸೀಲಿ ಡ್ರೈಯರ್‌ಗೆ ಹಾಕಿ, ಎಷ್ಟೋ ಸಲ ಸರಿಹೋಗುತ್ತೆ. ಫ್ಯಾಬ್ರಿಕ್ ಸಾಫ್ಟ್ನರ್ ಮಾತ್ರ ಬೇಡವೇ ಬೇಡ.