ಆ ಹುಡುಗಿಯ ಹೆಸರು ಯಾಕೆ ಕೇಳಲಿಲ್ಲ?

ಇನ್ನೂ ಸಿಟ್ಟು ಇಳಿದಿಲ್ಲ. ಇವತ್ತು ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನವರಿಗೆ ಕ್ವಿಜ್ ತರಬೇತಿ ಇತ್ತು. ಹೊರಗಿನಿಂದ ಬಂದವರು ಪರದೆ ಮೇಲೆ ಒಂದು ಫೋಟೋ ಹಾಕಿದರು. ವಿಯೆಟ್ನಾಂ ಯುದ್ಧದ ಕಾಲದ್ದು: ಅಲ್ಲಿನ ಟ್ರಾಂಗ್ ಬಾಂಗ್ ಎಂಬ ಊರು, 1972ರ ಜೂನ್ 8. ಮೈಮೇಲೆ ಬಟ್ಟೆಯಿಲ್ಲದೆ, ಕೈ ಚಾಚಿಕೊಂಡು ರಸ್ತೆಯಲ್ಲಿ ಓಡಿ ಬರುತ್ತಿರುವ ಹುಡುಗಿ. ನೀವೆಲ್ಲ ನೋಡಿರುತ್ತೀರಿ.

ಪ್ರಶ್ನೆ ಏನು ಗೊತ್ತಾ? ತೆಗೆದವರು ಯಾರು, ಸಿಕ್ಕ ಪ್ರಶಸ್ತಿ ಯಾವುದು. ನಿಕ್ ಉಟ್, ಪುಲಿಟ್ಜರ್. ಹತ್ತು ಅಂಕ. ಮುಂದಿನ ಸ್ಲೈಡ್.

ಹಿಂದೆ ಕೂತಿದ್ದ ಇಬ್ಬರು ಹುಡುಗರು ನಕ್ಕರು. ಒಬ್ಬ ಹುಡುಗಿ ಅಳೋಕೆ ಶುರು ಮಾಡಿದಳು. "ಇಷ್ಟಕ್ಕೆಲ್ಲ ಅಳಬಾರದಮ್ಮ, ಸ್ಪರ್ಧೆಗೆ ಗಟ್ಟಿ ಮನಸ್ಸು ಬೇಕು" ಅಂದರು ಬಂದವರು. ಇಷ್ಟಕ್ಕೆಲ್ಲ ಅಂದರೆ ಏನ್ರೀ ಅರ್ಥ?

ಊಟದ ಹೊತ್ತಿಗೆ ಅವಳು ನನ್ನ ಹತ್ತಿರ ಬಂದಳು. "ಮಿಸ್, ಅವಳು ಬದುಕಿದಳಾ?"

ಬದುಕಿದಳು. ಹೆಸರು ಕಿಮ್ ಫುಕ್. ಆಗ 9 ವರ್ಷ. ದಕ್ಷಿಣ ವಿಯೆಟ್ನಾಂನ ವಿಮಾನವೇ ತನ್ನ ಕಡೆಯ ಜನರ ಮೇಲೆ ನೇಪಾಮ್ ಸುರಿದಿತ್ತು. ಪೆಟ್ರೋಲನ್ನು ಅಂಟಿನ ಹಾಗೆ ಮಾಡಿದ ಬಾಂಬು ಅದು, ಚರ್ಮಕ್ಕೆ ಹಿಡಿದುಕೊಂಡು ಉರಿಯುತ್ತದೆ. ಬಟ್ಟೆ ಸುಟ್ಟುಹೋಗಿತ್ತು, ಅದಕ್ಕೇ ಮೈಮೇಲೆ ಬಟ್ಟೆ ಇಲ್ಲ. ನಕ್ಕ ಹುಡುಗರಿಗೆ ಇದನ್ನು ಹೇಳಬೇಕಿತ್ತು, ಅಲ್ವಾ? ಎಡಗಡೆ ಬಾಯಿ ತೆರೆದು ಅಳುತ್ತಿರುವವನು ಅವಳ ಒಡಹುಟ್ಟಿದವನು. 14 ತಿಂಗಳು ಆಸ್ಪತ್ರೆ, 17 ಆಪರೇಷನ್. ಈಗ ಆಕೆ ಕೆನಡಾದಲ್ಲಿದ್ದಾರೆ, ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿಯುತ್ತಿದ್ದಾರೆ. ಇಷ್ಟು ಹೇಳಿದ ಮೇಲೆ ಆ ಮಗು ತಟ್ಟೆಗೆ ಕೈ ಹಾಕಿತು.

ಫೋಟೋ ತೆಗೆದವರು ಯಾರು ಅನ್ನೋದೇ ಈಗ ಜಗಳದಲ್ಲಿದೆ. 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಈ ಫೋಟೋಗೆ ನಿಕ್ ಉಟ್ ಹೆಸರು ಹಾಕುವುದನ್ನು ತಡೆಹಿಡಿಯಿತು, ಅವರು ಕೆಲಸ ಮಾಡುತ್ತಿದ್ದ ಸುದ್ದಿಸಂಸ್ಥೆ ಎಪಿ ಮಾತ್ರ ಆ ಹೆಸರನ್ನು ಉಳಿಸಿಕೊಂಡಿದೆ. ಓಡಿ ಬಂದ ಹುಡುಗಿ ಯಾರು ಅನ್ನೋದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಆದರೂ ಅವಳ ಹೆಸರು ಕೇಳಲಿಲ್ಲ!

ಸ್ಟಾಫ್ ರೂಮಿನಲ್ಲಿ ಒಬ್ಬರು, ಇಂಥದ್ದನ್ನು ಮಕ್ಕಳಿಗೆ ತೋರಿಸಲೇಬಾರದು ಅಂದರು. ನಾನು ಒಪ್ಪಲ್ಲ. ಗಾಜಾ, ಉಕ್ರೇನಿನ ಚಿತ್ರಗಳು ಇದೇ ಮಕ್ಕಳ ಫೋನಿಗೆ ದಿನಾ ಬರುತ್ತಿವೆ, ಜೊತೆಗೆ ಕೂತು ಹೇಳುವವರು ಯಾರೂ ಇಲ್ಲದೆ. 2016ರಲ್ಲಿ ಇದೇ ಫೇಸ್‌ಬುಕ್ ಈ ಫೋಟೋವನ್ನು ಬೆತ್ತಲೆ ಅಂತ ತೆಗೆದುಹಾಕಿತ್ತು. ನಾರ್ವೆಯವರು ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿತು. ಮುಚ್ಚಿಡುವುದರಿಂದ ಯಾವ ಮಗುವಿಗೂ ಉಪಕಾರವಿಲ್ಲ. ತೋರಿಸಿ, ಆದರೆ ಆ ಸ್ಲೈಡಿನಲ್ಲಿ ನಿಲ್ಲಿ. ಅಳುವ ಮಗುವಿಗೆ ಅಳೋಕೆ ಬಿಡಿ.

ನಾಳೆ ನನ್ನ ಪೀರಿಯಡ್‌ನಲ್ಲಿ ಅದೇ ಫೋಟೋ ಹಾಕುತ್ತೇನೆ. ಪೋರ್ಷನ್ ಹಿಂದೆ ಬಿದ್ದರೆ ಬೀಳಲಿ.