ಬ್ಯಾರಲ್ಲು, ಇದ್ದಲಿ ಮತ್ತ ಒಂದು ಪುಟ್ಟಿ ಜ್ವಾಳದ ಹಿಟ್ಟು

ಗುಜರಿ ಅಂಗಡ್ಯಾಗ 200 ಲೀಟರಿನ ಕಬ್ಬಿಣದ ಬ್ಯಾರಲ್ಲೊಂದು ಕಣ್ಣಿಗೆ ಬಿತ್ತು ನೋಡ್ರಿ, ಅಲ್ಲಿಂದ ನನ್ನ ಗ್ರಹಚಾರ ಶುರು ಆತು. ಮೊಬೈಲ್‌ನ್ಯಾಗ ಅಮೆರಿಕಾದವರು ಇಂಥಾದ್ರಾಗ ಮಾಂಸಕ್ಕ ಹೊಗಿ ಕೊಟ್ಟು ಎಂಟ್ಹತ್ತು ತಾಸು ಬೇಯಿಸೂದು ನೋಡಿ ನೋಡಿ ತಲಿ ಕೆಟ್ಟಿತ್ತು, ತಳದಾಗ ಇದ್ದಲಿ, ನಡುವ ಜಾಳಗಿ, ಅದರ ಮ್ಯಾಲ ಮಟನ್, ಮುಚ್ಚಳ ಹಾಕಿದ್ರ ಮುಗೀತು, ಇದರಾಗ ಏನ್ ದೊಡ್ಡ ವಿದ್ಯಾ ಐತಿ ಅಂತ.

ವೆಲ್ಡಿಂಗ್ ಅಂಗಡಿಯವ "ತಳಕ್ಕ ಗಾಳಿ ತೂತು ಎಷ್ಟ್ ಹೊಡೀಲ್ರಿ" ಅಂದ. ಕೇಳಿದ್ರ ಕಡಿಮಿ ಯಾಕ ಹೇಳೂದು, ಎಂಟು ಹೊಡಿ ಅಂದೆ. ಒಳಗಿನ ಬಣ್ಣ, ಎಣ್ಣಿ ಜಿಡ್ಡು ಹೋಗ್ಲಿ ಅಂತ ಮೊದಲ ಕಟ್ಟಿಗಿ ತುಂಬಿ ಚೆಂದಾಗಿ ಸುಟ್ಟೆ, ನಾ ಸರಿಯಾಗಿ ಮಾಡಿದ ಕೆಲಸ ಇದೊಂದ.

ಐತವಾರ ಮಾವನ ಮನ್ಯಾಗಿನವರನ್ನೆಲ್ಲಾ ಹೊಲದ ಮನೀಗೆ ಊಟಕ್ಕ ಕರದೆ. ಐದು ಕೇಜಿ ಜಾಲಿ ಇದ್ದಲಿ ಸುರುವಿ ಎಲ್ಲಾ ಒಮ್ಮೆಲೇ ಹೊತ್ತಿಸಿದೆ. ವಿಜಯಪುರದ ಬ್ಯಾಸಗಿ ಗಾಳಿ ಗೊತ್ತಲ್ಲ, ಎಂಟೂ ತೂತಿನ್ಯಾಗ ಹೊಕ್ಕು ಬ್ಯಾರಲ್ ಕಮ್ಮಾರನ ಕುಲುಮಿ ಆಗಿಬಿಡ್ತು. 110, 120 ಡಿಗ್ರಿ ಇರಬೇಕಾಗಿದ್ದ ಮೀಟರ್ 230 ದಾಟ್ತು, ಒಂದೂವರಿ ತಾಸಿನ್ಯಾಗ ಇದ್ದಲಿ ಪೂರಾ ಬೂದಿ. ಮಟನ್ ಹೊರಗ ಚಪ್ಪಲಿ, ಒಳಗ ಇನ್ನೂ ಬ್ಯಾ ಅನ್ನೂದೊಂದು ಬಾಕಿ. ಮಾವ ಸಾವಕಾಶ ಅಗದು, "ಅಳಿಯಾರ, ಹೊಗಿ ಮಾತ್ರ ಚಲೋ ಬೆಂದೈತಿ" ಅಂದ್ರು. ಆಮ್ಯಾಲ ಎಲ್ಲಾರೂ ರೊಟ್ಟಿ, ಶೇಂಗಾ ಚಟ್ನಿ ಉಂಡು ಹೋದ್ರು.

ನಮ್ಮ ಓಣ್ಯಾಗಿನ ಇಸ್ತ್ರಿ ಕಾಕಾನ ಹತ್ರ ಇನ್ನಷ್ಟು ಇದ್ದಲಿ ಕೇಳಾಕ ಹೋದಾಗ ಕಥಿ ಹೇಳಿದೆ. ಅಂವ ಇಸ್ತ್ರಿ ಪೆಟ್ಟಿಗಿ ಮುಚ್ಚಳಾ ಎತ್ತಿ ತೋರ್ಸಿದ, ನಡುವ ನಾಕು ಕೆಂಡ, ಸುತ್ತ ಕರೀ ಇದ್ದಲಿ. "ಒಂದರಿಂದ ಒಂದಕ್ಕ ತಾನ ಹತ್ಕೋತ ಹೋಗ್ತದ. ನೀ ಎಂಟ್ ಬಾಯಿಲೆ ಉಣಸಿದ್ರ ಚೀಲ ಎಷ್ಟೊತ್ತು ಬಾಳೀತೋ ತಮ್ಮಾ?"

ಮುಂದಿನ ಐತವಾರ ಆರು ತೂತಿಗೆ ನಟ್ಟು ಬೋಲ್ಟು ಜಡದೆ. ಇದ್ದಲಿಗೆ ಜಾಳಗಿ ಬುಟ್ಟಿ ಮಾಡಿ ತಳದಿಂದ ಮೂರಿಂಚು ಎತ್ತಿಟ್ಟೆ, ಬೂದಿ ಕೆಳಗ ಉದುರಲಿ, ಗಾಳಿ ದಾರಿ ಕಟ್ಟಬಾರ್ದಂತ. ನಡುವ ಕುಣಿ ಮಾಡಿ ಹತ್ತು ಕೆಂಡ, ಅಷ್ಟ. ಮ್ಯಾಲಿನ ಹೊಗಿ ತೂತು ಪೂರಾ ತೆರದ ಬಿಟ್ಟೆ, ಅದನ್ನ ಮುಚ್ಚಿದ್ರ ಹೊಗಿ ಒಳಗ ನಿಂತು ಮಟನ್ ಕಹಿ ಆಗ್ತೈತಿ.

ಎಲ್ಲಾ ಸರಿ, ಆದ್ರ ಮುಚ್ಚಳದ ಅಂಚಿನಾಗಿಂದ ಹೊಗಿ ಬುಸುಬುಸು. ದಮ್ ಬಿರ್ಯಾನಿಗೆ ಹಿಟ್ಟು ಮೆತ್ತತಾರಲ್ಲ, ಹಂಗ ಮಾಡೋಣಂತ ಕೈಗೆ ಸಿಕ್ಕ ಪುಟ್ಟಿಯಿಂದ ಹಿಟ್ಟು ನಾದಿ ಸುತ್ತಾ ಬಳದೆ. ಇಪ್ಪತ್ತು ನಿಮಿಷಕ್ಕ ಒಣಗಿ ಸೀಳಿ ಪಟಪಟ ಉದುರಾಕ ಹತ್ತಿತು. ಜ್ವಾಳದ ಹಿಟ್ಟಿಗೆ ಅಂಟು ಎಲ್ಲಿಂದ ಬರಬೇಕ್ರಿ, ರೊಟ್ಟಿ ತಟ್ಟುವಾಗ ಸೀಳೂದು ನೋಡ್ಕೋತ ಬೆಳದಾವ ನಾ, ಆ ಹೊತ್ತಿಗೆ ನೆನಪಾಗ್ಲಿಲ್ಲ. ನಮ್ಮಾಕಿ ಹೊರಗ ಬಂದು ನೆಲಕ್ಕ ಬಿದ್ದ ಚೂರು ಎತ್ತಿ ನೋಡಿ, "ರೀ, ಇದು ನಿನ್ನೆ ಗಿರಣ್ಯಾಗ ಬೀಸಿಸಿದ ಮಾಲದಂಡಿ ಜ್ವಾಳದ ಹಿಟ್ಟು ಅಲ್ಲಾ?" ಅಂದ್ಲು. ನಾ ಮೀಟರ್ ನೋಡ್ಕೋತ ನಿಂತೆ. ಸಿಟ್ಟಿನ್ಯಾಗ ತಾನ ಗೋಧಿ ಹಿಟ್ಟು ನಾದಿ ತಂದು ಮೆತ್ತಿದ್ಲು, ಮೀಟರ್ 115ಕ್ಕ ಬಂದು ಅಲ್ಲೇ ಕುಂತಿತು.

ಅದ ಐದು ಕೇಜಿ ಇದ್ದಲಿ, ಮುಂಜಾನೆ ಹನ್ನೊಂದಕ್ಕ ಹೊತ್ತಿಸಿದ್ದು ಸಂಜಿ ಐದಾದ್ರೂ ಅರ್ಧ ಉಳದಿತ್ತು. ಆದ್ರ ಮುಚ್ಚಳ ಬರವಲ್ದು! ಗೋಧಿ ಹಿಟ್ಟು ಬೆಂದು ಕಲ್ಲಾಗಿ ಹಿಡಕೊಂಡಿತ್ತು. ಕಡೀಕ ಮಾವನ ಹೊಲದಿಂದ ಕಬ್ಬಿಣದ ಹಾರಿ ತರಿಸಿ ಎಬ್ಬಿಸಿದ್ವಿ, ಮುಚ್ಚಳ ಒಂದು ಕಡೆ ಸೊಟ್ಟ ಆತು. ಮಟನ್ ಬೆರಳಿನಾಗ ಬಿಚ್ಚಿ ಬರೂ ಹಂಗ ಬೆಂದಿತ್ತು. ಮಾವ ಮಾತ್ರ ಅದನ್ನ ಬಿಟ್ಟು, ಅಂಚಿನ ಹಿಟ್ಟಿಂದೊಂದು ತುಣುಕು ಮುರದು ಶೇಂಗಾ ಚಟ್ನಿಗೆ ಹಚ್ಚಿ ಬಾಯಾಗ ಹಾಕ್ಕೊಂಡ್ರು.

"ಅಳಿಯಾರ, ಮುಂದಿನ ವಾರ ಇದನ್ನ ಸ್ವಲ್ಪ ಜಾಸ್ತಿ ಮಾಡ್ರಿ."