ನಿಯಮ 16.2ರ ನಾಗಪ್ಪ

ಗಾಲ್ಫ್ ಆಡುತ್ತಿರುವಾಗ ಹಾವು ಎದುರಾದರೆ ಏನು ಮಾಡಬೇಕೆಂಬುದನ್ನು ಆ ಆಟದ ನಿಯಮಾವಳಿಯಲ್ಲೇ ಬರೆದಿಟ್ಟಿದ್ದಾರೆಂದು ತಿಳಿದ ಮೇಲೆ ಗಾಲ್ಫಿನ ಮೇಲೆ ನನಗಿದ್ದ ಗೌರವ ಇಮ್ಮಡಿಯಾಗಿದೆ. ಕಬಡ್ಡಿ, ಖೋ ಖೋ, ಚಿನ್ನಿದಾಂಡು ಆಡುವವರಿಗೆ ಇಂಥ ಭಾಗ್ಯವಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಸಂಸ್ಥೆಯೂ ಅಮೆರಿಕದ ಗಾಲ್ಫ್ ಸಂಸ್ಥೆಯೂ ಕೂಡಿ ಹೊರಡಿಸುವ ಈ ನಿಯಮಾವಳಿಯಲ್ಲಿ 16.2 ಎಂಬ ನಿಯಮವಿದ್ದು, ಅದು ‘ಅಪಾಯಕಾರಿ ಪ್ರಾಣಿ’ಗಳಿಗೆ ಮೀಸಲಾಗಿದೆ. ವಿಷದ ಹಾವು, ಕುಟುಕುವ ಜೇನು, ಮೊಸಳೆ, ಬೆಂಕಿ ಇರುವೆ ಅಥವಾ ಕರಡಿ ಚೆಂಡಿನ ಬಳಿ ಇದ್ದು, ಚೆಂಡನ್ನು ಬಿದ್ದ ಜಾಗದಿಂದಲೇ ಹೊಡೆಯಲು ಹೋದರೆ ಆಟಗಾರರ ಮೈಗೆ ಗಂಭೀರ ಪೆಟ್ಟಾಗುವಂತಿದ್ದರೆ, ಅವರು ಯಾವ ದಂಡವನ್ನೂ (ಗಾಲ್ಫಿನಲ್ಲಿ ದಂಡವೆಂದರೆ ಲೆಕ್ಕಕ್ಕೆ ಸೇರುವ ಹೆಚ್ಚುವರಿ ಹೊಡೆತ) ತೆರದೆ ಅಪಾಯವಿಲ್ಲದ ಹತ್ತಿರದ ಜಾಗವನ್ನು ಗುರುತಿಸಿ, ಅಲ್ಲಿಂದ ಚೆಂಡು ಹೊಡೆಯುವ ಒಂದು ಕೋಲಿನ ಅಳತೆಯೊಳಗೆ, ಚೆಂಡು ಸೇರಬೇಕಾದ ಕುಳಿಗೆ ಸಮೀಪವಾಗದ ಹಾಗೆ ಚೆಂಡನ್ನು ಬೀಳಿಸಿ ಆಟ ಮುಂದುವರಿಸಬಹುದು. ಪಾಪಸುಕಳ್ಳಿಯ ಪೊದೆಗೆ ಚೆಂಡು ಹೊಕ್ಕರೆ ಈ ವಿನಾಯಿತಿ ಸಿಗುವುದಿಲ್ಲ. ಮುಳ್ಳು ಚುಚ್ಚಿಸಿಕೊಳ್ಳುವುದು ಆಟಗಾರನ ಹಣೆಬರಹವೆಂದು ನಿಯಮ ರೂಪಿಸಿದವರು ತೀರ್ಮಾನಿಸಿದಂತಿದೆ.

ಹಾವಿನ ಸ್ಥಾನಮಾನದ ವಿಷಯದಲ್ಲಂತೂ ಇವರ ಸೂಕ್ಷ್ಮದೃಷ್ಟಿಗೆ ಮೀಮಾಂಸಕರೂ ತಲೆದೂಗಬೇಕು. ಹಾವು ಜೀವಂತವಾಗಿದ್ದರೆ ಅದು ‘ಹೊರಗಿನ ಪ್ರಭಾವ’. ಉರುಳುತ್ತಿರುವ ಚೆಂಡು ಆಕಸ್ಮಿಕವಾಗಿ ಅದಕ್ಕೆ ತಗುಲಿ ದಿಕ್ಕು ಬದಲಿಸಿದರೆ ಯಾರಿಗೂ ದಂಡವಿಲ್ಲ, ಚೆಂಡು ನಿಂತಲ್ಲಿಂದಲೇ ಆಡಬೇಕು. ನಿಂತಿದ್ದ ಚೆಂಡನ್ನು ಹಾವೇ ಸರಿಸಿದರೆ ಅಥವಾ ನುಂಗಿದರೆ ಚೆಂಡನ್ನು, ಇಲ್ಲವೇ ಬೇರೊಂದು ಚೆಂಡನ್ನು, ಮೊದಲಿನ ಜಾಗದಲ್ಲಿಟ್ಟು ಆಡಬೇಕು. ನುಂಗುವುದೆಂದರೆ ತಮಾಷೆಯೆಂದು ತಿಳಿಯಬೇಡಿ, ಆಸ್ಟ್ರೇಲಿಯಾದಲ್ಲಿ ಕೋಳಿಗಳಿಗೆ ಕಾವು ಕೂರುವ ಹುಮ್ಮಸ್ಸು ಬರಲೆಂದು ಗೂಡಿನಲ್ಲಿಟ್ಟಿದ್ದ ನಾಲ್ಕು ಗಾಲ್ಫ್ ಚೆಂಡುಗಳನ್ನು ಮೊಟ್ಟೆಯೆಂದು ನುಂಗಿದ ಹೆಬ್ಬಾವೊಂದಕ್ಕೆ ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕಾಯಿತು. ಹಾವು ಸತ್ತಿದ್ದರೆ ಮಾತ್ರ ಅದರ ದರ್ಜೆ ಒಮ್ಮೆಗೇ ಕುಸಿಯುತ್ತದೆ. ಸತ್ತ ಹಾವು ತರಗೆಲೆ, ಪುಳ್ಳೆ, ಬೆಣಚುಕಲ್ಲುಗಳ ಜತೆಗೆ ‘ಸಡಿಲ ಅಡಚಣೆ’ಗಳ ಪಟ್ಟಿಯಲ್ಲಿ ಸೇರುತ್ತದೆ, ಆಟಗಾರ ಅದನ್ನು ಎತ್ತಿ ಆಚೆ ಎಸೆಯಬಹುದು. ಭೂಮಂಡಲವನ್ನೇ ಹೆಡೆಯ ಮೇಲೆ ಹೊತ್ತ ಆದಿಶೇಷನ ಕುಲದವನಿಗೆ ಹದಿನೆಂಟು ಕುಳಿಗಳ ಮೈದಾನದಲ್ಲಿ ದೊರೆಯುವ ಅಂತಿಮ ಮರ್ಯಾದೆ ಇದು.

ಇಷ್ಟೆಲ್ಲ ಬರೆದವರು ಒಂದು ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಮೈದಾನಕ್ಕೆ ಹಾವು ಬಂದಿತೋ, ಹಾವಿದ್ದ ಜಾಗಕ್ಕೆ ಮೈದಾನ ಬಂದಿತೋ ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಹೊಳೆಯಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ಅವರು ಬೆಂಗಳೂರಿನವರಲ್ಲ.

ಕೆರೆಯನ್ನು ಕಂಡೊಡನೆ ಅದರ ಮೇಲೆ ಯಾವುದಾದರೊಂದು ಆಟ ಆಡಬೇಕೆನ್ನಿಸುವ ವಿಚಿತ್ರ ಚಪಲ ನಮ್ಮ ರಾಜಧಾನಿಗೆ ಹಿಂದಿನಿಂದಲೂ ಇದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಶೂಲೆ ಕೆರೆಯಲ್ಲಿ ಫುಟ್‌ಬಾಲ್, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಶುರುವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಕ್ರೀಡಾಪಟುಗಳು ತಂಗಲೆಂದು ಕೋರಮಂಗಲದ ಕೆರೆಯಂಗಳದಲ್ಲಿ ಕ್ರೀಡಾಗ್ರಾಮವೇ ಮೇಲೆದ್ದಿತು. ಆಟ ಆಡುವ ಮನಸ್ಸಿಲ್ಲದವರು ಊರು ಬಿಟ್ಟು ಹೋಗಲು ಅನುಕೂಲವಾಗಲೆಂದು ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣವನ್ನೂ ಮಾಡಿದ್ದಾಗಿದೆ. ಈ ಸಾಲಿನಲ್ಲಿ ದೊಮ್ಮಲೂರಿನ ಪಕ್ಕದ ಚಲ್ಲಘಟ್ಟ ಕೆರೆಯ ಪಾಲಿಗೆ ಬಂದದ್ದು ಗಾಲ್ಫ್. ಕೆರೆ ಹೋದರೂ ಅದರ ಹೆಸರು ಹೋಗಲಿಲ್ಲ ಎಂಬುದು ಸಮಾಧಾನದ ಸಂಗತಿ. ನಗರದ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿಯಾಗಿ, ಅದು ಸುರಕ್ಷಿತವಾಗಿದೆ. ಸ್ವಂತ ಕೆರೆಯನ್ನು ಮುಚ್ಚಿ ಪಕ್ಕದ ಜಿಲ್ಲೆಯ ಕೆರೆಗೆ ತನ್ನ ಚರಂಡಿಯ ನೀರನ್ನು ತುಂಬಿಸುವ ಔದಾರ್ಯ ಬೇರೆ ಯಾವ ನಗರಕ್ಕಿದೆ?

ಕೆರೆಯೆಂದ ಮೇಲೆ ಕಪ್ಪೆ, ಕಪ್ಪೆಯೆಂದ ಮೇಲೆ ನೀರೊಳ್ಳೆ, ಏರಿಯ ಬಿಲಗಳಲ್ಲಿ ಇಲಿ, ಇಲಿಯೆಂದ ಮೇಲೆ ಕೇರೆ ಮತ್ತು ನಾಗರ. ಇವಕ್ಕೆ ನಗರಾಭಿವೃದ್ಧಿಯ ನಕ್ಷೆಯನ್ನು ಯಾರೂ ತೋರಿಸಿಲ್ಲವಾದ್ದರಿಂದ ಎಲ್ಲಿ ತೇವವಿದೆಯೋ ಅಲ್ಲೇ ಅವು ಇರುತ್ತವೆ. ಗಾಲ್ಫ್ ಮೈದಾನಗಳ ತಮಾಷೆ ಇರುವುದೇ ಇಲ್ಲಿ. ನೀರಿರುವ ಜಾಗವನ್ನು ಸಮತಟ್ಟು ಮಾಡಿ ಹುಲ್ಲು ಬೆಳೆಸಿದ ಮೇಲೆ, ಆಟಕ್ಕೆ ಸ್ವಲ್ಪ ಕಷ್ಟವಿರಲೆಂದು ನಡುನಡುವೆ ಕೊಳಗಳನ್ನು ತೋಡಿಸುತ್ತಾರೆ, ಅಂಚಿಗೆ ಪೊದೆ ಬೆಳೆಸುತ್ತಾರೆ, ಹುಲ್ಲು ಬಾಡದಂತೆ ಬೇಸಿಗೆಯಲ್ಲೂ ತುಂತುರು ಹಾಯಿಸುತ್ತಾರೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರಿನ ಜಲಮಂಡಳಿ ಆಜ್ಞೆ ಹೊರಡಿಸಿದಾಗ ತುಳಸಿ ಕುಂಡಕ್ಕೆ ಒಂದು ಚೊಂಬು ನೀರು ಸುರಿಯಲು ಗೃಹಿಣಿಯರು ಅತ್ತಿತ್ತ ನೋಡುತ್ತಿದ್ದ ದಿನಗಳಲ್ಲೂ, ಸಂಸ್ಕರಿಸಿದ ನೀರಿನ ಕೃಪೆಯಿಂದ ಗಾಲ್ಫಿನ ಹುಲ್ಲಿಗೆ ಬಾಡುವ ಪ್ರಸಂಗ ಬರಲಿಲ್ಲ. ಇಂಥ ಊರಿನಲ್ಲಿ ಬುದ್ಧಿಯಿರುವ ಹಾವು ಮತ್ತೆಲ್ಲಿಗೆ ಹೋಗಬೇಕು? ಅದಕ್ಕೆ ಸದಸ್ಯತ್ವವಿಲ್ಲ ಎಂಬುದೊಂದೇ ಕುಂದು.

ಈಗ ಮೈದಾನದಲ್ಲಿ ನಡೆಯುವುದನ್ನು ಕೊಂಚ ಹತ್ತಿರದಿಂದ ನೋಡೋಣ. ಶನಿವಾರ ಬೆಳಗ್ಗೆ ಏಳೂವರೆಯ ಸಮಯ. ಬಾಜಿ ಕಟ್ಟಿದ ಪಂದ್ಯ. ನಿವೃತ್ತ ಅಧಿಕಾರಿಯೊಬ್ಬರ ಚೆಂಡು ಕೊಳದ ಅಂಚಿನ ಉದ್ದ ಹುಲ್ಲಿನಲ್ಲಿ ಬಹಳ ಕೆಟ್ಟ ಜಾಗದಲ್ಲಿ ಬಿದ್ದಿದೆ. ಅದರಿಂದ ಮೂರು ಗೇಣು ಆಚೆ ಮೈಮೇಲೆ ಚೌಕುಳಿ ಬರೆದಂತಿರುವ ಹಾವೊಂದು ಬೆದರಿ, ಕತ್ತನ್ನು ಚಪ್ಪಟೆ ಮಾಡಿ, ನಾಗರನಂತೆ ನಟಿಸುತ್ತಿದೆ.

“ಕೋಬ್ರಾ! ನನಗೆ ರಿಲೀಫ್ ಬೇಕು,” ಎನ್ನುತ್ತಾರೆ ಅಧಿಕಾರಿಗಳು. ಅವರ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಕೆಟ್ಟ ಜಾಗದಿಂದ ಪಾರಾದ ನೆಮ್ಮದಿಯಿದೆ.

“ಕೋಬ್ರಾ ಎಲ್ರೀ, ಅದು ಬರೀ ರ್‍ಯಾಟ್ ಸ್ನೇಕ್. ಅಲ್ಲಿಂದಲೇ ಹೊಡೀರಿ,” ಎನ್ನುತ್ತಾರೆ ಎದುರಾಳಿ ಉದ್ಯಮಿ, ಇಪ್ಪತ್ತು ಗಜ ದೂರದಿಂದ.

“ಎರಡೂ ಅಲ್ಲ ಸಾರ್, ನೀರೊಳ್ಳೆ. ಕಚ್ತದೆ, ವಿಷ ಇಲ್ಲ,” ಎಂದು ಹೇಳುತ್ತಾನೆ ಚೀಲ ಹೊತ್ತ ಕ್ಯಾಡಿ.

“ನಿನ್ನನ್ನ ಯಾರಪ್ಪಾ ಕೇಳಿದ್ದು?” ಎಂಬ ಮಾತು ಇಬ್ಬರ ಬಾಯಿಂದಲೂ ಒಟ್ಟಿಗೇ ಬರುತ್ತದೆ. ಆ ದಿನ ಅವರಿಬ್ಬರೂ ಒಮ್ಮತಕ್ಕೆ ಬಂದ ಏಕೈಕ ವಿಷಯ ಅದು.

ನಿಯಮದಲ್ಲಿ ವಿಷವಿರುವ ಹಾವಿನ ಮಾತಿರುವುದರಿಂದ, ಜೀವಮಾನದಲ್ಲಿ ಹಾವನ್ನು ಕಂಡು ಓಡಿದ್ದು ಬಿಟ್ಟರೆ ಬೇರೇನೂ ಮಾಡದವರು ಹೀಗೆ ಚೆಂಡು ಕೆಟ್ಟ ಜಾಗದಲ್ಲಿ ಬಿದ್ದಾಗ ಸರ್ಪಶಾಸ್ತ್ರಜ್ಞರಾಗುತ್ತಾರೆ. ಚೆಂಡು ಒಳ್ಳೆಯ ಜಾಗದಲ್ಲಿದ್ದರೆ ಕೊಳಕುಮಂಡಲವೂ ನಿರಪಾಯಕಾರಿ ಎರೆಹುಳುವಾಗುತ್ತದೆ.

ಕೋಲು ಎತ್ತಿ ಹೊಡೆದುಬಿಡೋಣವೆಂದರೆ ಅದೂ ಸುಲಭವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯ ನಂತರ ನಾಗರಹಾವು, ಕೊಳಕುಮಂಡಲ, ಕೇರೆಹಾವುಗಳೆಲ್ಲ ಹುಲಿ, ಆನೆಗಳ ಪಂಕ್ತಿಯಲ್ಲಿ ಮೊದಲ ಅನುಸೂಚಿಯಲ್ಲಿ ಕುಳಿತಿವೆ. ಕೊಂದವರಿಗೆ ಕನಿಷ್ಠ ಮೂರು ವರ್ಷ ಸೆರೆವಾಸವಿದೆ. ಬ್ರಿಟಿಷರು ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಕಟ್ಟಿದ 1876ರ ಕಾಲದಲ್ಲಿ ಸರಕಾರವೇ ಸತ್ತ ಹಾವಿಗೆ ಇನಾಮು ಕೊಡುತ್ತಿತ್ತು, ಅಂಥ ಸುಭಿಕ್ಷ ಈಗಿಲ್ಲ. ಇನ್ನು ಕಾಯ್ದೆಯನ್ನು ಹೇಗೋ ನಿಭಾಯಿಸುವ ಪ್ರಭಾವಿಗಳಿಗೂ ಮನೆಯಲ್ಲಿ ಅಮ್ಮನಿರುತ್ತಾರೆ. ನಾಗರನನ್ನು ಕೊಂದ ಸುದ್ದಿ ಅವರ ಕಿವಿಗೆ ಬಿದ್ದರೆ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸುವವರೆಗೂ ಬಿಡುವವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಮಾಡಿದ ನಮ್ಮ ಪೂರ್ವಜರು, ಒಂದೊಂದು ಕೋಲಿಗೂ ಹತ್ತಾರು ಸಾವಿರ ರೂಪಾಯಿ ತೆತ್ತು ಅಂಥ ಹದಿನಾಲ್ಕನ್ನು ಒಂದೇ ಚೀಲದಲ್ಲಿ ಹೊತ್ತು ತಿರುಗುವ ಜನ ಮುಂದೆ ಹುಟ್ಟಿಬರುತ್ತಾರೆಂದು ಬಲ್ಲವರಾಗಿದ್ದರೆಂದೇ ತೋರುತ್ತದೆ.

ಹೊತ್ತು ತಿರುಗುವವರು ಎಂದೆನಲ್ಲ, ಅದು ಸರಿಯಲ್ಲ. ಚೀಲ ಹೊರುವವನು ಕ್ಯಾಡಿ. ಪೊದೆಗೆ ಹೋದ ಚೆಂಡನ್ನು ಹುಡುಕುವವನೂ ಅವನೇ. 2019ರ ಮೊದಲು ಹುಡುಕಾಟಕ್ಕೆ ಐದು ನಿಮಿಷ ಸಮಯವಿತ್ತು. ಆಟ ನಿಧಾನವಾಗುತ್ತಿದೆಯೆಂದು ಅದನ್ನು ಮೂರಕ್ಕೆ ಇಳಿಸಿದ್ದಾರೆ. ಮೂರು ನಿಮಿಷ ಕಳೆದರೆ ಚೆಂಡು ಕಳೆದುಹೋದಂತೆ, ಆಟಗಾರನಿಗೆ ದಂಡ. ಆದ್ದರಿಂದ ಹೆಜ್ಜೆ ನೋಡಿ ಇಡುವ, ಕಡ್ಡಿಯಿಂದ ಹುಲ್ಲು ಸರಿಸಿ ನೋಡುವ ಸಾವಧಾನ ಅವನಿಗಿಲ್ಲ, ಕೈಯನ್ನೇ ಒಳಗೆ ಹಾಕಬೇಕು. ಕಾಲು ಬಡಿಯುತ್ತ ಸದ್ದು ಮಾಡಿಕೊಂಡು ನಡೆದರೆ ನೆಲದ ಅದುರಿಗೆ ಹಾವು ತಾನಾಗಿ ಸರಿದುಹೋಗುತ್ತದೆ ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು, ಆದರೆ ಪಕ್ಕದಲ್ಲಿ ಮತ್ತೊಬ್ಬ ಸದಸ್ಯರು ಉಸಿರು ಬಿಗಿಹಿಡಿದು ಚೆಂಡಿಗೆ ಗುರಿಯಿಡುತ್ತಿರುವಾಗ ಕಾಲು ಬಡಿಯುವುದು ಗಾಲ್ಫಿನಲ್ಲಿ ಮಹಾಪರಾಧ. 16.2ನೆಯ ನಿಯಮವನ್ನು ಎಷ್ಟು ಸಲ ಓದಿದರೂ ಅದರಲ್ಲಿ ಅಪಾಯವನ್ನು ಅಳೆಯುವುದು ಚೆಂಡು ಹೊಡೆಯಬೇಕಾದ ಆಟಗಾರನ ಮೈಯಿಂದಲೇ. ಪೊದೆಯೊಳಗೆ ಹೋದ ಕೈ ಮತ್ತೊಬ್ಬರದಾದರೆ ನಿಯಮಕ್ಕೆ ಅದು ಕಾಣಿಸುವುದಿಲ್ಲ.

ಮೈದಾನದ ಬೇಲಿಯಾಚೆಗೆ ಬಂದರೆ ಈ ನಿಯಮದ ನಿಜವಾದ ಭವ್ಯತೆ ಅರಿವಾಗುತ್ತದೆ. 2000ದಿಂದ 2019ರವರೆಗಿನ ಅವಧಿಯ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವವರು, ಹುಲ್ಲಿನ ಹೊರೆ ಎತ್ತುವವರು, ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಬಂತೆಂದು ಕತ್ತಲಲ್ಲಿ ಓಡುವವರು, ನೆಲದ ಮೇಲೆ ಮಲಗಿ ಕಟ್ಟುಹಾವಿನಿಂದ ಕಚ್ಚಿಸಿಕೊಳ್ಳುವವರು. ಗಾಲ್ಫಿನ ಮೊದಲ ನಿಯಮ, ಅಂದರೆ ನೆಲವನ್ನು ಇದ್ದಂತೆಯೇ ಒಪ್ಪಿಕೊಂಡು ಚೆಂಡನ್ನು ಬಿದ್ದಲ್ಲಿಂದಲೇ ಆಡಬೇಕೆಂಬ ನಿಯಮವನ್ನು, ಒಂದು ಕೋಲಿನಳತೆಯ ವಿನಾಯಿತಿಯನ್ನೂ ಕೇಳದೆ ಅಕ್ಷರಶಃ ಪಾಲಿಸುತ್ತಿರುವವರು ಇವರೊಬ್ಬರೇ. ನಮ್ಮ ಸರಕಾರ ಕೈಕಟ್ಟಿ ಕುಳಿತಿಲ್ಲ, ಅದನ್ನೂ ಹೇಳಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ದೇಶದಲ್ಲಿ ಇದು ಮೊದಲು. ಹಾವು ಕಚ್ಚಿ ರೈತ ಸತ್ತರೆ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ಪರಿಹಾರವೂ ಇದೆ, ಪಹಣಿ, ಮರಣ ಪ್ರಮಾಣಪತ್ರ, ಶವಪರೀಕ್ಷೆಯ ವರದಿಗಳನ್ನು ಹೊಂದಿಸಿಕೊಂಡರೆ. ಗಾಲ್ಫಿನಲ್ಲಿ ಇಷ್ಟು ಕಾಗದಗಳಿಲ್ಲ. “ಹಾವು!” ಎಂದು ಕೂಗಿದರೆ, ಮತ್ತು ಎದುರಾಳಿ ಒಪ್ಪಿದರೆ, ಪರಿಹಾರ ಸ್ಥಳದಲ್ಲೇ ಮಂಜೂರು.

ಇಂಥ ವಿಷಯ ಕ್ಲಬ್ಬೊಂದರ ಕಾರ್ಯಕಾರಿ ಸಮಿತಿಯ ಮುಂದೆ ಬಂದರೆ ಏನಾಗುತ್ತದೆಂಬುದನ್ನು ಸಭಾನಡಾವಳಿಗಳನ್ನು ಓದಿ ಅಭ್ಯಾಸವಿರುವ ಯಾರು ಬೇಕಾದರೂ ಊಹಿಸಬಹುದು. ಹಾವುಗಳ ಹಾವಳಿಯನ್ನು ಸಮಿತಿಯು ಗಂಭೀರವಾಗಿ ಪರಿಗಣಿಸುತ್ತದೆ. ಒಬ್ಬ ಸದಸ್ಯರು ಸುತ್ತಲೂ ಗೋಡೆ ಎತ್ತರಿಸೋಣವೆನ್ನುತ್ತಾರೆ. ಅದರಿಂದ ಒಳಗಿರುವ ಹಾವುಗಳಿಗೆ ಹೊರಹೋಗಲು ಆಗುವುದಿಲ್ಲವೆಂದು ಮತ್ತೊಬ್ಬರು ತಿಳಿಹೇಳಿದ ಮೇಲೆ ಪ್ರಸ್ತಾಪವನ್ನು ಹಿಂಪಡೆಯುತ್ತಾರೆ. ಮುಂಗುಸಿ ಸಾಕುವ ಸಲಹೆಯೊಂದು ಬರುತ್ತದೆ, ಮುಂಗುಸಿಯೂ ವನ್ಯಜೀವಿಯೇ ಎಂದು ಕಾನೂನು ಸಲಹೆಗಾರರು ಎಚ್ಚರಿಸುತ್ತಾರೆ. ಹಾವು ಹಿಡಿಯುವವರನ್ನು ಕರೆಸಿ ಊರಾಚೆಯ ಕಾಡಿಗೆ ಬಿಡಿಸುವುದೆಂದು ಎಲ್ಲರೂ ಒಪ್ಪುವಷ್ಟರಲ್ಲಿ, ಆ ಕಾಡಿನ ಅಂಚಿನಲ್ಲಿ ಗಾಲ್ಫ್ ನೋಟದ ವಿಲ್ಲಾಗಳನ್ನು ಕಟ್ಟುತ್ತಿರುವ ಸದಸ್ಯರು ಎದ್ದುನಿಂತು ತೀವ್ರ ಆಕ್ಷೇಪ ಎತ್ತುತ್ತಾರೆ. ಕಡೆಗೆ ಹಾವುಗಳಿವೆ, ಎಚ್ಚರಿಕೆ ಎಂದು ಇಂಗ್ಲಿಷಿನಲ್ಲಿ ಬರೆದ ಹಿತ್ತಾಳೆಯ ಫಲಕಗಳನ್ನು ಕೊಳಗಳ ಬಳಿ ನಿಲ್ಲಿಸಲು, ನಾಗರಪಂಚಮಿಯಂದು ಮೈದಾನದ ಮೂಲೆಯ ಹುತ್ತಕ್ಕೆ ಕ್ಲಬ್ಬಿನ ವತಿಯಿಂದ ಹಾಲೆರೆಸಲು, ಮತ್ತು ಹುತ್ತವಿರುವ ಜಾಗ ಆಟಕ್ಕೆ ಅಡ್ಡವಾಗುವುದರಿಂದ ಪಂಚಮಿಯ ಮರುದಿನ ಅದನ್ನು ಅಗೆಸಿ ನೆಲ ಸಮ ಮಾಡಿಸಲು ಸರ್ವಾನುಮತದಿಂದ ತೀರ್ಮಾನವಾಗುತ್ತದೆ. ಕ್ಯಾಡಿಗಳಿಗೆ ಮೊಣಕಾಲುದ್ದದ ಬೂಟು ಕೊಡಿಸಬೇಕೆಂಬ ಮನವಿಯನ್ನು, ಬೂಟಿನ ಗುರುತು ಹುಲ್ಲಿನ ಮೇಲೆ ಮೂಡುವ ಸಂಭವವಿರುವ ಕಾರಣ, ಮೈದಾನದ ಉಪಸಮಿತಿಯ ಅಭಿಪ್ರಾಯಕ್ಕೆ ಕಳುಹಿಸಲಾಗುತ್ತದೆ.